ಗಾಲಿ ಕುರ್ಚಿಯಷ್ಟು ಅಗಲ

ರೀ,

ಹೆಸರಿಟ್ಟು ನಿಮಗೆ ಪತ್ರ ಬರೆಯುವ ಅಭ್ಯಾಸ ನನಗಿಲ್ಲ. ಊರಿಗೆಲ್ಲ ನೀವು ಗುಂಡಣ್ಣ, ನನಗೆ ಮದುವೆಯಾದ ದಿನದಿಂದ ‘ರೀ’. ಭಾರ್ಗವನ ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಬರೆದ ಕಾಗದವನ್ನೂ ಹೀಗೇ ಶುರು ಮಾಡಿದ್ದೆ. ‘ಇದು ಕಾಗದವೋ ಕೂಗೋ?’ ಎಂದು ನೀವು ಉತ್ತರ ಬರೆದಿರಿ. ಇದನ್ನೂ ಕೂಗು ಅಂತಲೇ ಅಂದುಕೊಳ್ಳಿ. ಕಿವಿಯ ಮಿಷನ್ನು ಹಾಕಿಕೊಳ್ಳಿ ಎಂದರೆ ಕೊನೆಯವರೆಗೂ ಹಾಕಿಕೊಳ್ಳಲಿಲ್ಲ, ಅದಕ್ಕೇ ಬರೆಯಬೇಕಾಯಿತು. ಹೇಳಬೇಕಾದದ್ದು ಒಂದೇ ಮಾತು. ಹೋದ ವರ್ಷ ಮಳೆ ಬಂದಿತ್ತು.

ನೀವು ನಂಬಲಿಲ್ಲ. ಅದು ನಿಮ್ಮ ತಪ್ಪಲ್ಲ. ಜಯನಗರದ ಈ ಮನೆಯಲ್ಲಿ ಮಳೆಯನ್ನು ಎಲ್ಲರಿಗಿಂತ ಮೊದಲು ಕಂಡುಹಿಡಿಯುತ್ತಿದ್ದದ್ದು ನಿಮ್ಮ ಮೂಗು. ಮುಂದಿನ ರೂಮಿನ ಕಿಟಕಿಯ ಹತ್ತಿರ ಪೇಪರ್ ಓದುತ್ತ ಕೂತವರು ತಟಕ್ಕನೆ ತಲೆಯೆತ್ತಿ, “ಅಲಮೇಲು, ಬನಶಂಕರಿ ಕಡೆ ಶುರುವಾಯ್ತು ಕಣೆ, ಬಟ್ಟೆ ಎತ್ಕೊ” ಎನ್ನುತ್ತಿದ್ದಿರಿ. ಹೊರಗೆ ನೋಡಿದರೆ ಸುಡು ಬಿಸಿಲು. ನಾನು ಮೂತಿ ತಿರುವಿಕೊಂಡು ಮಹಡಿ ಹತ್ತುವಷ್ಟರಲ್ಲಿ ಹನಿ ಬಿದ್ದಿರುತ್ತಿತ್ತು. ಆಮೇಲೆ ನಮ್ಮ ಅಂಗಳದ ಮಣ್ಣಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಡಿಕಾಕ್ಷನ್ ಇಳಿಯುವಾಗ ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದ ಹಾಗೆಯೇ ನೀವು ಕಣ್ಣು ಮುಚ್ಚಿ ಅದನ್ನು ಎಳೆದುಕೊಳ್ಳುತ್ತಿದ್ದಿರಿ. ನಾನೋ, ಬಾಗಿಲಲ್ಲಿ ಕಾಲೊರಸು ಹಾಕಿ ಕಾವಲು ನಿಂತಿರುತ್ತಿದ್ದೆ. ಮಳೆ ನಿಂತ ಕೂಡಲೇ ನೀವು ಅಂಗಳಕ್ಕೆ ಇಳಿಯುತ್ತೀರಿ, ಚಕ್ಕೋತದ ಬುಡ ಕೆದಕುತ್ತೀರಿ, ಆ ಕೆಂಪು ಕಾಲಲ್ಲೇ ಒಳಗೆ ಬರುತ್ತೀರಿ ಎಂದು ನನಗೆ ಗೊತ್ತಿತ್ತಲ್ಲ.

“ಕಾಲು ಒರೆಸ್ಕೊಂಡು ಬನ್ರೀ!” ಈ ಸಂಸಾರದಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ಇದೇ ಇರಬೇಕು. ಆಗಷ್ಟೇ ಒರೆಸಿದ ನೆಲದ ಮೇಲೆ ನಿಮ್ಮ ಹೆಜ್ಜೆ ದೇವರಮನೆಯವರೆಗೂ ಹೋಗಿರುತ್ತಿತ್ತು. ನಾನು ಬಕೆಟ್ಟು ಕುಕ್ಕಿದರೆ, “ಕೃಷ್ಣ ಜಯಂತಿಗೆ ಹೆಜ್ಜೆ ಬಿಡಿಸೋ ಕೆಲಸ ಉಳೀತು ಬಿಡೆ” ಎಂದು ನಗುತ್ತಿದ್ದಿರಿ. ಮೈಯೆಲ್ಲ ಉರಿದುಹೋಗುತ್ತಿತ್ತು ನನಗೆ. ಬೀದಿಯಲ್ಲಿ ಎಲ್ಲರೂ ಮನೆ ಮುಂದೆ ಸಿಮೆಂಟು ಬ್ಲಾಕು ಹಾಕಿಸಿಕೊಂಡು ಹೊಳೆಯುವ ಹಾಗೆ ಇಟ್ಟಿದ್ದಾರೆ, ನಮ್ಮದೊಂದೇ ಹಳ್ಳಿ ಹಟ್ಟಿಯ ಹಾಗಿದೆ ಎಂದು ಎಷ್ಟು ವರ್ಷ ಗೊಣಗಿದೆ! ನೀವು ಮಾತ್ರ ಜಗ್ಗಲಿಲ್ಲ.

ಹೋದ ವರ್ಷ ಯುಗಾದಿಗೆ ಮುಂಚೆ ನಿಮಗೆ ಸ್ಟ್ರೋಕ್ ಆಯಿತು. ಎಡಗಡೆ ಸ್ವಾಧೀನ ತಪ್ಪಿತು, ಕಣ್ಣು ಮಂಜಾಯಿತು, ಕಿವಿಯಂತೂ ಮೊದಲೇ ಅಷ್ಟಕ್ಕಷ್ಟೆ. ಇನ್ನು ಗಾಲಿ ಕುರ್ಚಿಯೇ ಗತಿ ಎಂದು ಡಾಕ್ಟರು ಹೇಳಿದ ಸಂಜೆ ಭಾರ್ಗವ, “ಅಮ್ಮ, ಗೇಟಿಂದ ಮೆಟ್ಟಿಲ ತನಕ ಒಂದು ದಾರಿ ಮಾಡಿಸೋಣ. ಮಣ್ಣಲ್ಲಿ ಚಕ್ರ ಹೂತ್ಕೊಳತ್ತೆ” ಎಂದ. ಅವನು ಹೇಳಿದ್ದು ಒಂದು ದಾರಿ. ಕೆಲಸ ಹಿಡಿದ ಕೈಲಾಸ್ ಬಂದು, “ಎಷ್ಟಗಲ ಹಾಕೋಣ ಅಮ್ಮ?” ಎಂದು ಕೇಳಿದಾಗ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಪೂರ್ತಿ ಹಾಕ್ಬಿಡಪ್ಪ, ಕಾಂಪೌಂಡಿಗೆ ತಾಗೋ ಹಾಗೆ. ಒಂದು ಹುಲ್ಲುಕಡ್ಡಿ ಏಳಬಾರದು” ಎಂದೆ. ಭಾರ್ಗವ ನನ್ನ ಮುಖ ನೋಡಿದ. “ನಿಮ್ಮಪ್ಪನ ಅನುಕೂಲಕ್ಕೇ ಕಣೋ” ಎಂದುಬಿಟ್ಟೆ. ನೀವು ಆಸ್ಪತ್ರೆಯಲ್ಲಿ ಬಾಯಿ ಬಾರದೆ ಮಲಗಿದ್ದಾಗ, ನಿಮ್ಮ ಗಾಲಿ ಕುರ್ಚಿಯನ್ನೇ ನೆಪ ಮಾಡಿಕೊಂಡು ನಾನು ನಮ್ಮ ಹಳೇ ಜಗಳ ಗೆದ್ದೆ. ಥೂ, ಎಂಥ ಹೆಂಗಸು ನಾನು!

ನೀವು ಮನೆಗೆ ಬಂದ ದಿನ ಕುರ್ಚಿ ಸರಾಗವಾಗಿ ಉರುಳಿತು. ನೀವು ತೊದಲುತ್ತ, “ನುಣ್ಣಗಿದೆ” ಎಂದಿರಿ. ಅಷ್ಟೇ. ನನಗೆ ಅದೇ ಸರ್ಟಿಫಿಕೇಟು ಸಿಕ್ಕಂತಾಯಿತು. ಚಕ್ಕೋತದ ಕಾಂಡಕ್ಕೂ ತಾಗುವ ಹಾಗೆ ಬ್ಲಾಕು ಕೂರಿಸಿದ್ದನ್ನು ನೀವು ಕಾಣಲಿಲ್ಲ, ನಾನೂ ಹೇಳಲಿಲ್ಲ. ಮೊದಲೆಲ್ಲ ಹಣ್ಣು ಮಣ್ಣಿನ ಮೇಲೆ ದೊಪ್ಪೆಂದು ಬಿದ್ದು ಇಡಿಯಾಗಿ ಕೂತಿರುತ್ತಿತ್ತು. ಆ ವರ್ಷ ಬಿದ್ದದ್ದೆಲ್ಲ ಒಡೆದು ಚೂರಾಯಿತು. ಅದನ್ನೂ ಗುಡಿಸಿ ಆಚೆ ಹಾಕಿದೆ.

ಆಮೇಲೆ ಮಳೆ ಶುರುವಾಯಿತು. ನೀವು ಕಿಟಕಿಯ ಹತ್ತಿರ ಮಲಗಿ, “ಈ ಸಲ ಮಳೆನೇ ಇಲ್ವಲ್ಲೇ” ಎಂದಿರಿ. ಹೊರಗೆ ಧೋ ಎಂದು ಸುರಿಯುತ್ತಿತ್ತು. ಬಿದ್ದ ನೀರು ಬಿದ್ದ ಹಾಗೆ ಗೇಟಿನಡಿ ನುಗ್ಗಿ ಮೋರಿ ಸೇರುತ್ತಿತ್ತು. ನಾನು ನಿಮ್ಮ ಕಿವಿಗೆ ಬಾಯಿಟ್ಟು, “ಬರ್ತಾ ಇದೆ ರೀ, ಜೋರಾಗಿ ಬರ್ತಾ ಇದೆ” ಎಂದು ಕಿರುಚಿದೆ. “ಸುಮ್ನಿರೆ, ನನ್ನ ಸಮಾಧಾನಕ್ಕೆ ಹೇಳ್ತೀಯ. ವಾಸನೆ ಎಲ್ಲಿ?” ಎಂದಿರಿ. ನೆಂದ ಸೆರಗನ್ನು ನಿಮ್ಮ ಕೈಗೆ ಕೊಟ್ಟೆ. ಹಿಂಡಿ ನೋಡಿ, “ನಲ್ಲಿ ನೀರು” ಎಂದಿರಿ. ನಗು ಬಂತು, ಆ ಸೆರಗನ್ನೇ ಕಣ್ಣಿಗೆ ಒತ್ತಿಕೊಂಡೆ. ‘ನಿಮ್ಮ ಮೂಗು ಸರಿಯಾಗಿಯೇ ಇದೆ, ವಾಸನೆಯನ್ನು ನಾನು ಮುಚ್ಚಿಸಿದ್ದೇನೆ’ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಹೊರಟಿದ್ದರೆ ನೀವು ಬೈಯುತ್ತಿರಲಿಲ್ಲ, ಅದೂ ನನಗೆ ಗೊತ್ತಿತ್ತು.

ಗಣೇಶನ ಹಬ್ಬ ಕಳೆದ ಮೇಲೆ ನೀವು ಹೊರಟುಬಿಟ್ಟಿರಿ. ಹಿಂದಿನ ದಿನ ಬೆಳಿಗ್ಗೆಯೂ, “ಚಕ್ಕೋತಕ್ಕೆ ಒಂದು ಕೊಡ ನೀರು ಹಾಕೆ, ಪಾಪ, ಮಳೆ ಕಾಣದೆ ಒಣಗ್ತಿದೆ” ಎಂದಿರಿ. ನಾನು ಕೊಡ ತಂದು ಸುರಿದೆ. ನೀರು ಬ್ಲಾಕಿನ ಮೇಲೆ ಹರಿದು ಮೋರಿಗೆ ಹೋಯಿತು. ಖಾಲಿ ಕೊಡ ಹಿಡಿದು ಒಳಗೆ ಬಂದು, “ಹಾಕಿದೆ ರೀ” ಎಂದೆ. ಅದೇ ನಾನು ನಿಮಗೆ ಕೊಟ್ಟ ಕೊನೆಯ ಉತ್ತರ.

ಇನ್ನು ನಿಮ್ಮ ಮುದ್ದಿನ ಮೊಮ್ಮಗಳ ಕಥೆ ಕೇಳಿ. ಇಂಚರ ಎಂ.ಟೆಕ್ ಪ್ರಾಜೆಕ್ಟಿಗೆ ಇದೇ ಬ್ಲಾಕುಗಳನ್ನು ಹಿಡಿದಳು. ಒಂದು ವಸ್ತು ಹುಟ್ಟಿದಾಗಿನಿಂದ ಮಣ್ಣುಪಾಲಾಗುವವರೆಗೆ ಭೂಮಿಗೆ ಎಷ್ಟು ಭಾರ ಎಂದು ಲೆಕ್ಕ ಹಾಕುವ ಓದಂತೆ. ನಮ್ಮ ಅಂಗಳವನ್ನೇ ಅಳತೆ ಮಾಡಿದಳು, ಬ್ಲಾಕೊಂದನ್ನು ಬಚ್ಚಲಮನೆಯ ತೂಕದ ಯಂತ್ರದ ಮೇಲಿಟ್ಟಳು. ನಾನು ಪೆದ್ದಿ, ಪಕ್ಕದ ಮನೆ ಕಾತ್ಯಾಯಿನಿಗೆ, “ನಮ್ಮ ಅಂಗಳ ಪುಸ್ತಕದಲ್ಲಿ ಬರತ್ತೆ ಕಣ್ರೀ” ಎಂದು ಕೊಚ್ಚಿಕೊಂಡೆ. ಪುಸ್ತಕ ಆದ ಮೇಲೆ ಕನ್ನಡದಲ್ಲಿ ಹೇಳೇ ಎಂದು ಅವಳನ್ನು ಕೂರಿಸಿಕೊಂಡೆ.

“ಅಜ್ಜಿ, ಇದರ ಜಾತಕ ಹೇಳ್ತೀನಿ ಕೇಳು” ಎಂದು ಶುರು ಮಾಡಿದಳು. ಎಲ್ಲಿಯದೋ ಗುಡ್ಡ ಸಿಡಿಸಿ ಸುಣ್ಣದ ಕಲ್ಲು ತೆಗೆಯುತ್ತಾರಂತೆ. ಅದನ್ನು ಗೂಡಿನಲ್ಲಿ ಸುಡುವಾಗ ಕಲ್ಲಿದ್ದಲಿನ ಹೊಗೆ ಒಂದು ಪಾಲು, ಆ ಕಲ್ಲೇ ಬಿಡುವ ಅನಿಲ ಅದಕ್ಕಿಂತ ದೊಡ್ಡ ಪಾಲು. ಆಮೇಲೆ ಇನ್ನೊಂದು ಬಂಡೆಯ ಜಲ್ಲಿ, ಬ್ಲಾಕು ಗಟ್ಟಿಯಾಗಲು ದಿನಗಟ್ಟಲೆ ನೀರು, ಹೊತ್ತು ತರುವ ಲಾರಿಯ ಡೀಸೆಲ್ಲು. “ನಮ್ಮ ಗೇಟು ದಾಟೋ ಹೊತ್ತಿಗೆ ಇದರ ಮುಕ್ಕಾಲು ಪಾಪ ಮುಗಿದಿರತ್ತೆ ಅಜ್ಜಿ. ಇಲ್ಲಿಗೆ ಬಂದ ಮೇಲೆ ಬಿಸಿಲಿಗೆ ಕಾಯೋದು, ನೀರು ಇಂಗಕ್ಕೆ ಬಿಡದೆ ಇರೋದು, ಆಮೇಲೆ ಕಿತ್ತು ಎಸೆಯೋದು” ಎಂದಳು. ನಾನು ಕೇಳಿದೆ, “ಮಳೆ ವಾಸನೆ ಹೋಗೋದು ಯಾವ ಲೆಕ್ಕದಲ್ಲಿ ಬರತ್ತೆ?” ಅವಳು ನಕ್ಕಳು. “ಅದಕ್ಕೆ ಕಾಲಂ ಇಲ್ಲ ಅಜ್ಜಿ.”

ಅಷ್ಟು ಹೇಳಿದ್ದೇ ತಡ, ನನಗೆ ತಡೆಯಲಾಗಲಿಲ್ಲ. ನೆಂದ ಸೆರಗು, ಖಾಲಿ ಕೊಡ, ಎಲ್ಲ ಹೇಳಿಕೊಂಡು ಅತ್ತೆ. ಮರುದಿನವೇ ಭಾರ್ಗವನ ಪ್ರಾಣ ತಿಂದು ಕೈಲಾಸನನ್ನು ಕರೆಸಿದೆ. “ಒಂದೂ ಉಳೀಬಾರದು, ನನ್ನ ಕಣ್ಣೆದುರಿಂದ ತಗೊಂಡು ಹೋಗು” ಎಂದೆ. ಅವನು ತಲೆ ಕೆರೆದುಕೊಂಡು, “ಏನಮ್ಮ ಇದು, ಹೋದ್ವರ್ಷ ಹುಲ್ಲು ಬೇಡ ಅಂದ್ರಿ, ಈ ವರ್ಷ ಬ್ಲಾಕ್ ಬೇಡ ಅಂತೀರಿ” ಎಂದ. ಎಲ್ಲಿ ಹಾಕುತ್ತೀಯ ಎಂದರೆ, “ರಿಂಗ್ ರೋಡ್ ಆಚೆ ಯಾವ್ದಾದ್ರೂ ಖಾಲಿ ಸೈಟಲ್ಲಿ ಸುರಿಯೋದು, ಇನ್ನೇನು?” ಎಂದ. ಟೆಂಪೋ ಬಂದು ನಿಂತಾಗ ಇಂಚರ ಓಡಿ ಬಂದು ಅಡ್ಡ ನಿಂತಳು.

“ಅಜ್ಜಿ, ಎಸೆದ್ರೆ ಆ ಹೊಗೆ ವಾಪಸ್ ಬರಲ್ಲ. ಇವು ಇನ್ನೂ ಎಷ್ಟೋ ವರ್ಷ ಬಾಳ್ತಾವೆ. ನೀನು ಇವನ್ನ ಸುರಿಸಿದ್ರೆ ಇನ್ಯಾರೋ ಹೊಸದು ಮಾಡಿಸ್ತಾರೆ. ನಿನ್ನ ಸಂಕಟಕ್ಕೆ ಎರಡನೇ ಸಲ ಹೊಗೆ ಹಾಕ್ತೀಯಾ?” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ನಾಲಿಗೆ ಥೇಟ್ ನನ್ನದೇ. ನಾನು ಕೈಲಾಸನಿಗೆ ತಾಳು ಎಂದು ಕೈ ಮಾಡಿದೆ. ಕಣ್ಣೆದುರಿಂದ ಹೋದರೆ ಮನಸ್ಸು ಹಗುರವಾಗುತ್ತದೆ ಅಂದುಕೊಂಡಿದ್ದೆ ನಾನು. ಅಂಗಳ ಮುಚ್ಚಿಸಿದಾಗಲೂ ನೋಡಿದ್ದು ನನ್ನ ಹಗುರವನ್ನೇ, ಕೀಳಿಸುವಾಗಲೂ ಅದನ್ನೇ.

ನಮ್ಮ ಮನೆ ಕೆಲಸದ ರುದ್ರಮ್ಮ ಪಾತ್ರೆ ಬಿಟ್ಟು ಆಚೆ ಬಂದು, “ಅಮ್ಮಾ, ಸುರಿಯೋ ಬದ್ಲು ನಂಗೆ ಕೊಡಿ. ಪುಟ್ಟೇನಹಳ್ಳೀಲಿ ನಮ್ಮನೆ ಬಾಗ್ಲಲ್ಲಿ ಮಳೆ ಬಂದ್ರೆ ಕಾಲಿಡಂಗಿಲ್ಲ. ಅತ್ತೆ ಎರಡು ಸಲ ಜಾರಿ ಬಿದ್ಲು” ಎಂದಳು. ನನ್ನ ಪಾಪವನ್ನು ಅವಳ ಬಾಗಿಲಿಗೆ ಸಾಗಿಸುತ್ತಿದ್ದೇನಲ್ಲ ಎಂದು ಮನಸ್ಸು ಹಿಂಜರಿಯಿತು. ಆದರೂ ಕೊಟ್ಟೆ, ಅವಳಿಗೆ ಹಬ್ಬದ ಸಂಭ್ರಮ. ಇಂಚರ ಜೊತೆಗೆ ಹೋಗಿ, ನಡುನಡುವೆ ನೀರು ಇಂಗಲು ಸಂದು ಬಿಡಿಸಿ ಕೂರಿಸಿಕೊಟ್ಟು ಬಂದಳು. ರುದ್ರಮ್ಮ ಈಗ ಅತ್ತೆ ಹೊಸ್ತಿಲಾಚೆ ಕೂತಿರುವ ಫೋಟೋ ತೋರಿಸುತ್ತಾಳೆ. ಸಂತೋಷ ಅನಿಸುತ್ತದೆ, ತಪ್ಪಿತಸ್ಥಳು ಅನ್ನುವುದು ಮಾತ್ರ ಹೋಗುವುದಿಲ್ಲ. ಇರಲಿ ಬಿಡಿ.

ನಮ್ಮಲ್ಲಿ ಗೇಟಿನಿಂದ ಮೆಟ್ಟಿಲವರೆಗೆ ಒಂದು ದಾರಿ ಉಳಿಸಿಕೊಂಡೆ. ನಿಮ್ಮ ಕುರ್ಚಿಯನ್ನೇ ತಂದಿಟ್ಟು, ಅದರ ಎರಡು ಚಕ್ರದ ಅಗಲ ನೋಡಿ, ಅಷ್ಟೇ ಉಳಿಸು ಎಂದು ಕೈಲಾಸನಿಗೆ ಹೇಳಿದೆ. ಹೋದ ವರ್ಷವೇ ಅಷ್ಟು ಸಾಕಿತ್ತು ರೀ. ಆ ದಾರಿಯಲ್ಲಿ ನಡೆಯುವಾಗೆಲ್ಲ ಅದು ನನಗೆ ಚುಚ್ಚುತ್ತದೆ, ಚುಚ್ಚಲಿ.

ಉಳಿದ ಕಡೆ ಮಣ್ಣು ಬಂತು ಅಂದುಕೊಂಡಿರಾ? ಎಲ್ಲಿಯ ಮಣ್ಣು! ಕೆಳಗೆಲ್ಲ ದಮ್ಮಸ್ಸು ಹಾಕಿದ ಜಲ್ಲಿಪುಡಿ. ಏಪ್ರಿಲ್‌ನ ಮೊದಲ ಮಳೆಗೆ ನಾನು ಕಿಟಕಿಯಲ್ಲಿ ಮೂಗು ಇಟ್ಟು ಕಾದೆ. ಕ್ರಷರ್ ಧೂಳಿನ ವಾಸನೆ ಬಂತು. ಅವತ್ತು ನಾನು ಊಟ ಮಾಡಲಿಲ್ಲ. ಆಮೇಲೆ ಭಾರ್ಗವನೂ ಇಂಚರಳೂ ಸೇರಿ ಪುಡಿ ಕೆರೆದು ತೆಗೆದರು, ಕೆಳಗಿನ ಕೆಂಪು ಮಣ್ಣು ಅಗೆದು ಸಡಿಲ ಮಾಡಿದರು. ನಾನು ತರಕಾರಿ ಸಿಪ್ಪೆ, ಒಣಗಿದೆಲೆ, ಕಾಫಿ ಚರಟ ತಂದು ತಂದು ಸುರಿದೆ. ಚಕ್ಕೋತದ ಅರ್ಧ ಕೊಂಬೆ ಒಣಗಿದೆ, ಅದು ಇನ್ನು ಚಿಗುರುವುದಿಲ್ಲ ಅನ್ನುತ್ತಾರೆ. ಉಳಿದರ್ಧದಲ್ಲಿ ಎಲೆ ಇದೆ.

ಇವತ್ತು ಮಧ್ಯಾಹ್ನ ನಿಮ್ಮ ಮಂಚದ ಹಾಸಿಗೆ ಬಿಸಿಲಿಗೆ ಹಾಕಿ ಕೂತಿದ್ದೆ. ಒಂದು ಹನಿಯೂ ಬಿದ್ದಿರಲಿಲ್ಲ. ಇದ್ದಕ್ಕಿದ್ದ ಹಾಗೆ ಮೂಗಿಗೆ ಏನೋ ಬಡಿಯಿತು. ನನ್ನ ಮೂಗಿಗೆ ರೀ, ಜನ್ಮದಲ್ಲಿ ಮೊದಲ ಸಲ! ಹಾಸಿಗೆ ಒಳಗೆ ಎಳೆದುಕೊಳ್ಳುವಷ್ಟರಲ್ಲಿ ಬಂದೇ ಬಿಟ್ಟಿತು ಮಳೆ. ಅಂಗಳದಿಂದ ಆ ವಾಸನೆ ಎದ್ದು ಕಿಟಕಿಯಿಂದ ನುಗ್ಗಿ ನಿಮ್ಮ ಖಾಲಿ ಮಂಚದವರೆಗೂ ಬಂತು. ನಾನು ಅಭ್ಯಾಸದಂತೆ ಮಂಚದ ಕಡೆ ಬಾಗಿ, “ರೀ, ಬಂತು” ಎಂದು ಕಿರುಚಿದೆ. ಅಡುಗೆಮನೆಯಿಂದ ಎಲ್ಲರೂ ಓಡಿ ಬಂದರು.

ಹೋದ ವರ್ಷವೂ ಬಂದಿತ್ತು ರೀ, ಚೆನ್ನಾಗಿಯೇ ಬಂದಿತ್ತು. ನಿಮಗೆ ಗೊತ್ತಾಗದ ಹಾಗೆ ಮಾಡಿದವಳು ನಾನು. ಕ್ಷಮಿಸಿ ಎಂದು ಕೇಳಲು ಬಾಯಿ ಬರುತ್ತಿಲ್ಲ. ನೀವಿರುವಲ್ಲಿ ಮಣ್ಣಿರಲಿ, ಮಳೆಯಿರಲಿ, ನಿಮ್ಮ ಮೂಗು ತಣ್ಣಗಿರಲಿ. ಒಂದು ಸಲ ಕನಸಿನಲ್ಲಾದರೂ ಬನ್ನಿ. ನೆಲ ಈಗಷ್ಟೇ ಒರೆಸಿದ್ದೇನೆ. ಕಾಲು ಒರೆಸಿಕೊಳ್ಳಬೇಡಿ, ಹಾಗೇ ಒಳಗೆ ಬನ್ನಿ.

ಬಾಗಿಲು ತೆರೆದಿಟ್ಟು ಕೂತಿರುವ,
ನಿಮ್ಮ ಅಲಮೇಲು