ಒಳಗೆ ಯಾರಿದ್ದಾರೆ ನೋಡು

ಉರಿಗಾಂ
17 ನವೆಂಬರ್ 2024, ಭಾನುವಾರ

ಮುದ್ದಿನ ಅಕ್ಷರಾಗೆ,

ಅಮ್ಮನ ಆಶೀರ್ವಾದ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀನೂ ಹಾಸ್ಟೆಲಿನ ಸಾರನ್ನು ಬೈದುಕೊಂಡೇ ಹೊಟ್ಟೆ ತುಂಬ ಉಣ್ಣುತ್ತಿದ್ದೀಯೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಮೂರು ವಾರವಾಯಿತು, ಉತ್ತರ ತಡವಾಯಿತೆಂದು ಕೋಪ ಬೇಡ. ಓದುವವರಿಗೆ ಪುರಸೊತ್ತು ಎಲ್ಲಿರುತ್ತದೆ ಎಂದು ನೀನೇ ಎಷ್ಟು ಸಲ ನನ್ನ ಬಾಯಿ ಮುಚ್ಚಿಸಿಲ್ಲ? ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ.

ಸುದ್ದಿ ಏನೆಂದರೆ, ಕೆಲಸ ಸಿಕ್ಕಿತು! ಡಿಸೆಂಬರ್ ಎರಡರಿಂದ ನಿನ್ನ ಅಮ್ಮ ಬಂಗಾರಪೇಟೆಯ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕಿ. ಮದುವೆಗೆ ಮುಂಚೆ ಮಾಡಿದ ಡಿಪ್ಲೊಮಾ ನಲವತ್ತೆರಡನೇ ವಯಸ್ಸಿನಲ್ಲಿ ಕೈ ಹಿಡಿಯಿತು ನೋಡು. ನಾನಂತೂ ಹಿಗ್ಗಿ ಹೀರೇಕಾಯಿ ಆಗಿದ್ದೇನೆ. ನಿನ್ನ ಅಪ್ಪ ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿ, ಮನೆಗೆ ಖಾಲಿ ಡಬ್ಬಿ ತಂದರು.

ನೀನು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿನಲ್ಲೇ ನಾಲ್ಕು ತಿಂಗಳು ಲಿನಕ್ಸ್ ಕಲಿತೆ, ಲ್ಯಾಬಿನ ಕಂಪ್ಯೂಟರುಗಳೆಲ್ಲ ನಡೆಯುವುದು ಆ ತಂತ್ರಾಂಶದ ಮೇಲೆಯೇ ತಾನೇ. ನೀನು ಕಳಿಸಿದ ಕಮಾಂಡುಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪಕ್ಕೆ ಬರೆದು ಗ್ರೈಂಡರಿನ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದೆ. ಒಂದು ದಿನ ಅಭ್ಯಾಸದ ಫೋಲ್ಡರ್ ಅಳಿಸಲು ಹೋಗಿ ನಿನ್ನ ಪಿಯುಸಿ ಬೀಳ್ಕೊಡುಗೆಯ ಫೋಟೋಗಳನ್ನೂ ಅಳಿಸಿಬಿಟ್ಟೆ. ಇದೊಂದು ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ. ‘ಖಂಡಿತಾನಾ?’ ಎಂದು ಆ ಲಿನಕ್ಸ್ ಒಂದು ಮಾತು ಕೇಳಬಾರದೇ? ಥೇಟ್ ನಿನ್ನ ಅಪ್ಪನೇ. ಹೇಳಿದ್ದನ್ನು ತುಟಿಪಿಟಕ್ಕೆನ್ನದೆ ಮಾಡಿ ಸುಮ್ಮನಾಗುತ್ತದೆ.

ನನ್ನ ಓದಿಗೆ ಮೇಷ್ಟ್ರು ಯಾರು ಗೊತ್ತೇ? ನಿನ್ನ ತಾತ. ಎದುರಿಗೆ ಕುರ್ಚಿ ಹಾಕಿಕೊಂಡು ಒಂದೊಂದು ಕಮಾಂಡಿಗೂ “ಇದು ಏನ್ ಮಾಡ್ತದೆ?” ಎಂದು ಕೇಳುವರು. ಯಂತ್ರದೊಳಗೆ ಯಾರು ಯಾರು ಲಾಗಿನ್ ಆಗಿದ್ದಾರೆಂದು ತೋರಿಸುವ ಕಮಾಂಡ್ ಬಂದ ದಿನ ಕುರ್ಚಿಯಿಂದ ಎದ್ದೇಬಿಟ್ಟರು. “ಇದು ನಮ್ ಟೋಕನ್ ಬೋರ್ಡು ಕಣಮ್ಮ!” ಇಲ್ಲಿನ ಚಿನ್ನದ ಗಣಿಯಲ್ಲಿ ತಾತ ಟೋಕನ್ ಗುಮಾಸ್ತರಾಗಿದ್ದದ್ದು ನಿನಗೆ ಗೊತ್ತಲ್ಲ. ಕೆಳಗೆ ಇಳಿಯುವವನು ಬೋರ್ಡಿನ ಮೊಳೆಯಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದವನು ತಿರುಗಿ ನೇತುಹಾಕಬೇಕು. ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ. “ಒಳ್ಗಡೆ ಯಾರವ್ರೆ ಅಂತ ನೋಡ್ದೆ ಏನೂ ಬಂದ್ ಮಾಡ್ಬಾರ್ದು,” ಎಂದರು. ಅಂದಿನಿಂದ ದಿನಕ್ಕೆ ಹತ್ತು ಸಲ ಅದೇ ಮಾತು.

ಐದು ಗಂಟೆಗೆ ಎರಡು ಮನೆ ಆಚೆಯಿಂದ ಸೆಲ್ವರಾಜ್ ಮಾಮ ಕಾಫಿಗೆ ಬರುವರು. ಮೊದಲಿನ ಹಾಗೆಯೇ ಬಾಗಿಲ ಮೆಟ್ಟಿಲು ಬಿಟ್ಟು ಒಳಗೆ ಬರುವುದಿಲ್ಲ. ತುಂತುರು ಮಳೆಯಿದ್ದರೂ “ಪರ್ವಾಗಿಲ್ಲ ಕಣ್ಣು, ಇಲ್ಲೇ ಗಾಳಿ ಬತ್ತದೆ” ಎನ್ನುವರು, ನನಗಿನ್ನೂ ಅವರ ತಮಿಳಿನ ಮುದ್ದು ಹೆಸರು ‘ಕಣ್ಣು’ ತಪ್ಪಿಲ್ಲ. ಲ್ಯಾಪ್‌ಟಾಪಿಗೆ ನೀನು ಅಂಟಿಸಿದ ಲಿನಕ್ಸಿನ ಗುರುತಿನ ಪೆಂಗ್ವಿನ್ ಚಿತ್ರ ನೋಡಿ “ಏನ್ ಕಣ್ಣು, ಕೋಳಿ ಇವತ್ತಾದ್ರೂ ಮೊಟ್ಟೆ ಇಕ್ತಾ?” ಎಂದು ದಿನಾ ರೇಗಿಸುವರು.

ಮಂಗಳವಾರ ಸಂದರ್ಶನ. ಲ್ಯಾಬಿನ ಮುಖ್ಯಸ್ಥೆ ಸುಕನ್ಯ ಮೇಡಂ, ನನಗಿಂತ ಹತ್ತು ವರ್ಷ ಚಿಕ್ಕವರು, “ಲಿನಕ್ಸ್‌ನಲ್ಲಿ ಅನುಭವ ಎಷ್ಟು?” ಎಂದರು. “ನಾಲ್ಕು ತಿಂಗಳು ಮೇಡಂ, ಅದೂ ಅಡುಗೆಮನೆಯಲ್ಲಿ,” ಎಂದೆ. ಯಾವ ಕಡತವನ್ನು ಯಾರು ತೆರೆಯಬಹುದೆಂಬ ಅನುಮತಿಗಳ ಬಗ್ಗೆ ಕೇಳಿದ್ದಕ್ಕೆ ತಬ್ಬಿಬ್ಬಾಗಿ ಗೊತ್ತಿಲ್ಲ ಎಂದುಬಿಟ್ಟೆ. ಮನೆಗೆ ಹೊರಡುವ ಬಸ್ಸು ಎಷ್ಟಕ್ಕೆ ಎಂದು ಮನಸ್ಸಿನಲ್ಲೇ ಯೋಚಿಸುತ್ತಿದ್ದೆ. ಆಗ ಅವರು “ಲ್ಯಾಬಿನವರೆಲ್ಲ ಬಳಸುವ ಸರ್ವರ್ ತೀರಾ ನಿಧಾನವಾಗಿದೆ, ಆರಿಸಿ ಮತ್ತೆ ಚಾಲೂ ಮಾಡಬೇಕು. ಮೊದಲು ಏನು ಮಾಡುತ್ತೀರಿ?” ಎಂದರು. ನಾನು ಯೋಚಿಸಲೇ ಇಲ್ಲ. “ಒಳಗೆ ಯಾರಿದ್ದಾರೆ ನೋಡುತ್ತೇನೆ. ಅವರಿಗೆ ತಿಳಿಸಿ, ಎಲ್ಲರೂ ಹೊರಗೆ ಬಂದ ಮೇಲೆ ಆರಿಸುತ್ತೇನೆ.” ಸುಕನ್ಯ ಮೇಡಂ ಪೆನ್ನು ಕೆಳಗಿಟ್ಟರು. “ಬೆಳಗಿನಿಂದ ಆರು ಜನ ಬಂದರು. ಯಾರೂ ಇದನ್ನು ಹೇಳಲಿಲ್ಲ,” ಎಂದರು. ಶುಕ್ರವಾರ ಫೋನ್ ಬಂತು.

ಫೋಟೋಗಳಿಗಾಗಿ ನನ್ನನ್ನು ಕ್ಷಮಿಸಿಬಿಡು. ಚೆನ್ನಾಗಿ ಓದು, ತಲೆಗೆ ಎಣ್ಣೆ ಹಚ್ಚಿಕೋ. ನೀನು ಕೈ ಹಾಕಿದ್ದೆಲ್ಲ ಒಳ್ಳೆಯದಾಗಲಿ.

ನಿನ್ನ ಅಮ್ಮ,
ಭಾರ್ಗವಿ

ಮತ್ತೆ ಬರೆದದ್ದು: ಇಷ್ಟು ಬರೆದು ಲಕೋಟೆಗೆ ಹಾಕುವವಳಿದ್ದೆ, ಮನಸ್ಸು ತಡೆಯಲಿಲ್ಲ. ಸಂದರ್ಶನದಲ್ಲಿ ಹೇಳಿದ ಉತ್ತರವನ್ನು ತಿಳಿಸಿದಾಗ ತಾತ ಹಿಗ್ಗುತ್ತಾರೆ ಎಂದುಕೊಂಡಿದ್ದೆ. ಅವರು ಅತ್ತರು. “ನಿಂಗೆ ಹೇಳ್ಕೊಟ್ಟೆ, ನಾನೇ ನೋಡ್ಲಿಲ್ಲ ಕಣಮ್ಮ,” ಎಂದರು. ನಲವತ್ತು ವರ್ಷದ ಹಿಂದೆ ಒಂದು ಸಂಜೆ ಒಂದು ಮೊಳೆ ಖಾಲಿ ಇತ್ತಂತೆ. ಬಿಲ್ಲೆಯನ್ನು ಮರೆತು ಜೇಬಿನಲ್ಲಿಟ್ಟು ಮನೆಗೆ ಹೋಗುವವರು ಬಹಳ ಇದ್ದರು. ಇವನೂ ಹಾಗೇ ಹೋಗಿರಬೇಕೆಂದುಕೊಂಡು, ಎಲ್ಲರೂ ಮೇಲೆ ಬಂದಿದ್ದಾರೆ ಎಂದು ತಾತ ಪುಸ್ತಕದಲ್ಲಿ ಬರೆದರು. ಆತ ಗಣಿಯ ಕೆಳಗೆ ಕಾಲು ಮುರಿದುಕೊಂಡು, ದೀಪ ಆರಿಹೋಗಿ, ಮರುದಿನದ ಪಾಳಿಯವರು ಇಳಿಯುವವರೆಗೂ ಆ ಕತ್ತಲಲ್ಲಿ ಒಬ್ಬನೇ ಬಿದ್ದಿದ್ದ. ಅದು ಸೆಲ್ವರಾಜ್ ಮಾಮ. ಅಂದಿನಿಂದ ಅವರಿಗೆ ನಾಲ್ಕು ಗೋಡೆಯೊಳಗೆ ಕೂರಲು ಆಗುವುದಿಲ್ಲ. ಆ ದಿನ ಬೋರ್ಡು ನೋಡಿದ್ದು ಬೇರೆ ಗುಮಾಸ್ತ ಎಂದೇ ಅವರು ನಂಬಿದ್ದಾರೆ. ಆ ಗುಮಾಸ್ತನ ಜೊತೆ ತಮ್ಮ ಪಾಳಿ ಅದಲುಬದಲಾಗಿದ್ದನ್ನು ತಾತ ಇಷ್ಟು ವರ್ಷ ಬಾಯಿಬಿಟ್ಟಿಲ್ಲ.

ಈಗ ಐದಕ್ಕೆ ಹತ್ತು ನಿಮಿಷ. ಕಾಫಿಗೆ ನೀರಿಟ್ಟಿದ್ದೇನೆ. ತಾತ ಇವತ್ತು ಕುರ್ಚಿ ಬಿಟ್ಟು, ಹೊರಗಿನ ಮೆಟ್ಟಿಲ ಮೇಲೆ, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಕೂತಿದ್ದಾರೆ.