ಬೆಳ್ಳಿ ಬಟ್ಟಲಿನ ಅಂಗಾರ

ಸ್ಯಾನ್ ರಮೋನ್, ಗುರುವಾರ

ಅಳಿಯಂದಿರಾದ ಚಿ. ರಕ್ಷಿತರಿಗೆ ಆಶೀರ್ವಾದ.

ನೀವೂ ಸುರಕ್ಷಾಳೂ ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಇ-ಮೇಲ್. ಮೊದಲು ಹೇಳಿಬಿಡುತ್ತೇನೆ, ಮನೆ ಸುಟ್ಟಿಲ್ಲ.

ನಿನ್ನೆ ನಿಮ್ಮ ಪುರಾತನ ರಿವಾಲ್ವರಿನ ಪುಟ್ಟ ತೋಟಾಗಳಿಗೆ ಕರಿಮದ್ದು ತುಂಬಿದಿರಲ್ಲ, ಬೆಳ್ಳಿ ಕಿಡಿ ಹಾರಿಸುವುದಿಲ್ಲವೆಂದು ದೇವರ ಬಟ್ಟಲು ತೆಗೆದುಕೊಂಡಿರಿ. ಉಳಿದ ಮದ್ದನ್ನು ಅದರಲ್ಲೇ ಬಿಟ್ಟು ಎದ್ದಿರಿ. ಸುರಕ್ಷಾ ಅದನ್ನು ನಾನು ಹಣೆಗಿಡುವ ಅಂಗಾರವೆಂದುಕೊಂಡು, "ಅಪ್ಪ, ಎಲ್ಲೆಂದ್ರಲ್ಲಿ ಬಿಡ್ಬೇಡಿ" ಎಂದು ನನ್ನನ್ನೇ ಗದರಿ, ದೇವರ ಮುಂದೆ ಇಟ್ಟಳು.

ಬೆಳಿಗ್ಗೆ ಪೂಜೆ ಮುಗಿಸಿ, ನೀರಿನಲ್ಲಿ ಕಲಸಿ ಹಚ್ಚಿಕೊಂಡೆ. ಗಂಧಕದ ವಾಸನೆ ಬಂತು. ಇಲ್ಲಿಯ ನೀರೇ ಹಾಗೆ ಎಂದುಕೊಂಡೆ. ಈಗ ದೀಪಕ್ಕೆ ಎಣ್ಣೆ ಹಾಕಲು ಬಾಗಿದಾಗ ಬಟ್ಟಲಿಗೆ ಕೈ ತಗಲಿ ಒಂದು ಚಿಟಿಕೆ ದೀಪದ ಮೇಲೆ ಬಿತ್ತು. ಭುಸ್ಸೆಂದು ಉರಿಯೆದ್ದು ನನ್ನ ಬಲಹುಬ್ಬು ಹೋಯಿತು.

ಬಟ್ಟಲನ್ನು ಬಕೆಟ್ಟಿನಲ್ಲಿ ಮುಳುಗಿಸಿದ್ದೇನೆ. ಹಣೆ ತೊಳೆದಿದ್ದೇನೆ.

ಇಷ್ಟು ಬರೆಯುವಾಗಲೇ ನೆನಪಾಯಿತು. ಇವತ್ತು ಹುಟ್ಟುಹಬ್ಬವೆಂದು ಮೊಮ್ಮಗಳ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ಕಳಿಸಿದವನು ನಾನೇ, ಅದೇ ಬಟ್ಟಲಿನಿಂದ.

ಮೀಟಿಂಗು ಬಿಟ್ಟು ಡೇಕೇರಿಗೆ ಓಡಿ. ಕೇಕಿನ ಮೇಣದಬತ್ತಿ ಊದಿಸುವ ಮೊದಲು ಅವಳ ಮುಖ ತೊಳೆಸಿ.

ಇಂತು ನಿಮ್ಮ ಮಾವ,
ವಾದಿರಾಜ