ಖಡ್ಗದ ಎಣ್ಣೆ

ಗೊಂಟೆನ್, ಏಪ್ರಿಲ್ ೧೯೯೧

ಅಪ್ಪ,

ನಿಮ್ಮ ಪತ್ರ ತಲುಪಿತು. ಭಾನುವಾರ ಚೌಕದಲ್ಲಿ ಮಹಾಸಭೆ, ಖಡ್ಗ ಒರೆಸಬೇಕು, ಬಾಣಂತನಕ್ಕೆ ಬಂದ ಅಮ್ಮನನ್ನು ಬೇಗ ಕಳಿಸು ಎಂದಿದ್ದೀರಿ. ಓದಿ ಹೇಳಿದೆ. ಅಮ್ಮ ನಕ್ಕುಬಿಟ್ಟಳು.

"ಮದ್ವೆ ಆದಾಗಿಂದ ನಾನೇ ಒರೆಸಿ ಕೊಟ್ಟಿದ್ದೀನಿ ಕಣೆ. ಗಂಡಸಿನ ಮತದ ಗುರುತು ಅಂತ ಅದನ್ನ ಸೊಂಟಕ್ಕೆ ಕಟ್ಕೊಂಡು ಹೋಗಿ, ಹೋದ ವರ್ಷ ಹೆಂಗಸರಿಗೆ ಮತ ಬೇಡ ಅಂತ ಕೈ ಎತ್ತಿ ಬಂದ್ರು. ಈ ಸಲ ಅವ್ರೇ ಒರೆಸ್ಕೊಳ್ಳಲಿ."

ನೀವು ಕೈ ಎತ್ತಿದ್ದನ್ನು, ಮತ ಹಾಕುವ ಗಂಡಸರ ಸುತ್ತ ಕಟ್ಟಿದ್ದ ಹಗ್ಗದ ಆಚೆ ನಿಂತು ನಾವಿಬ್ಬರೂ ನೋಡಿದ್ದೆವು. ಈಗ ನ್ಯಾಯಾಲಯ ಹೆಂಗಸರಿಗೂ ಮತ ಕೊಟ್ಟು ನಮ್ಮನ್ನೂ ಹಗ್ಗದ ಒಳಗೆ ಕರೆದಿದೆ. ಆ ಮಾತು ಮತ್ತೆ ಕೆದಕುವುದು ಬೇಡ.

ಎಣ್ಣೆ ಅಡುಗೆಮನೆ ಕಪಾಟಿನ ಮೇಲಿನ ಹಲಗೆಯಲ್ಲಿದೆ. ಹಿಡಿಗೆ ಒಣ ಬಟ್ಟೆ ಸಾಕು. ಅಮ್ಮನ ಹಬ್ಬದ ಕರಿ ಉಡುಪನ್ನು ಶನಿವಾರ ಹಾಲಿನ ಗಾಡಿಯವನ ಕೈಯಲ್ಲಿ ಕಳಿಸಿ, ಸುಕ್ಕಾಗದಂತೆ ಮಡಿಸಿ. ಭಾನುವಾರ ಅಮ್ಮ ಇಲ್ಲಿಂದಲೇ ಚೌಕಕ್ಕೆ ಬರುತ್ತಾಳೆ, ನಾನೂ ಬರುತ್ತೇನೆ. ಕೂಸನ್ನು ನೋಡಿಕೊಳ್ಳಲು ನನ್ನ ಗಂಡ ಎಮಿಲ್ ಮನೆಯಲ್ಲೇ ಉಳಿಯುತ್ತಾನೆ.

ಚೌಕದಲ್ಲಿ ನಿಮ್ಮ ಬಲಗಡೆ ಒಬ್ಬರಿಗಾಗುವಷ್ಟು ಜಾಗ ಹಿಡಿದಿಡಿ. ಅಮ್ಮ ಅಲ್ಲೇ ನಿಲ್ಲುತ್ತಾಳಂತೆ. "ಅವ್ರಿಗೆ ಕಿವಿ ಮಂದ. ಯಾವುದಕ್ಕೆ ಕೈ ಎತ್ತಬೇಕು ಅಂತ ಪಕ್ಕದಲ್ಲಿದ್ದು ಯಾರಾದ್ರೂ ಹೇಳ್ಬೇಕಲ್ಲ" ಎನ್ನುತ್ತಾಳೆ.

ನಿಮ್ಮ ಮಗಳು,
ಅಗಾಥಾ